ಹೊಳೆ ನೀರು, ಪಿಯುಸಿ ಪರೀಕ್ಷೆ ಮತ್ತು ಒಂದಷ್ಟು ಥ್ಯಾಂಕ್ಸ್

ಕಳೆದ ವಾರ ನನ್ನ ಎಂ.ಎಸ್ಸಿ. ಫಲಿತಾಂಶ ಬಂತು. ಪರಿಸರ ವಿಜ್ಞಾನ, ಕುವೆಂಪು ವಿಶ್ವವಿದ್ಯಾಲಯ, ಫಸ್ಟ್ ಕ್ಲಾಸ್. ಬಿ.ಎಸ್ಸಿ. ಮುಗಿಸಿ ಎಷ್ಟೋ ವರ್ಷದ ಮೇಲೆ ಮತ್ತೆ ಬೆಂಚಿನ ಮೇಲೆ ಕೂತವಳು ನಾನು. ಶುಭ ಕೋರಿದ ಎಲ್ಲರಿಗೂ ಇಲ್ಲೇ ಒಂದು ನಮಸ್ಕಾರ. ಆದರೆ ಈ ಬರಹ ಮುಖ್ಯವಾಗಿ ನನ್ನ ಪಾಲಿನ ಕೆಲಸ ಹೊತ್ತುಕೊಂಡವರಿಗೆ. "ಓದು, ನಿನ್ನ ಕೈಲಿ ಆಗುತ್ತೆ" ಅನ್ನೋರು ಬೇಕಾದಷ್ಟು ಜನ ಸಿಗುತ್ತಾರೆ. "ನೀನು ಓದು, ಇವತ್ತು ಅಡುಗೆ ನಾನು ನೋಡ್ಕೋತೀನಿ" ಅನ್ನೋರು ಕಮ್ಮಿ.

ನಮ್ಮ ಮನೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನನ್ನ ಯಜಮಾನರಿಗೂ ನನಗೂ ಇದು ಎರಡನೇ ಮದುವೆ. ಅವರಿಗೆ ಇಬ್ಬರು ಗಂಡುಮಕ್ಕಳು, ಮಕ್ಕಳ ತಾಯಿ ಈಗಿಲ್ಲ. ನನಗೆ ಒಬ್ಬಳು ಮಗಳು. ನಾನು ಕೊನೆಯ ಸೆಮಿಸ್ಟರ್‌ಗೆ ಬಂದ ವರ್ಷವೇ ದೊಡ್ಡವನದು ಸೆಕೆಂಡ್ ಪಿಯುಸಿ, ಮಗಳದು ಎಸ್ಸೆಸ್ಸೆಲ್ಸಿ. ಚಿಕ್ಕವನು ಎಂಟನೇ ಕ್ಲಾಸು. ಅವನಿಗೆ ಪರೀಕ್ಷೆ ಅನ್ನೋದು ಬೇರೆಯವರ ಮನೆ ವಿಷಯ.

ಮೊದಲು ನನ್ನ ಗೈಡ್ ಮೇಡಂಗೆ. ನನಗೆ ಸೊರಬದ ಕಾನುಗಳ, ಅಂದರೆ ಅಲ್ಲಿನ ದಟ್ಟ ನಿತ್ಯಹಸಿರು ಕಾಡುಗಳ ಮೇಲೆ ಪ್ರಾಜೆಕ್ಟ್ ಮಾಡೋ ಆಸೆ ಇತ್ತು. ಪ್ರಾಜೆಕ್ಟಿನ ಕಾಲ ಬೇಸಿಗೆ. ಡಿಸೆಂಬರಿಂದ ಮೇ ತನಕ ಕಾಡಿನಲ್ಲಿ ರಕ್ತ ಹೀರುವ ಉಣುಗು ಜಾಸ್ತಿ, ಅದು ಕಚ್ಚಿದರೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಇರೋದೇ ಸೊರಬ ತಾಲ್ಲೂಕಿನಲ್ಲಿ. ಜೊತೆಗೆ ವಾರಗಟ್ಟಲೆ ಅಲ್ಲೇ ಉಳಿಯಬೇಕು. ಇಬ್ಬರು ಮಕ್ಕಳ ಬೋರ್ಡ್ ಪರೀಕ್ಷೆ ಇಟ್ಟುಕೊಂಡು ಅದು ಹೇಗೆ? ಮೇಡಂ ಎರಡು ನಿಮಿಷ ಯೋಚಿಸಿ, "ನಿಮ್ಮ ಮನೆ ಹತ್ತಿರವೇ ತುಂಗೆ ಹರೀತಿದ್ದಾಳಲ್ರೀ, ಅವಳನ್ನೇ ನೋಡಿ" ಅಂದರು. ಗಾಜನೂರಿನಿಂದ ಕೂಡ್ಲಿವರೆಗೆ, ಶಿವಮೊಗ್ಗ ಊರಿಗೆ ಮುಂಚೆ ಮತ್ತು ಊರು ದಾಟಿದ ಮೇಲೆ ನೀರು ಹೇಗಿದೆ ಅನ್ನೋದೇ ನನ್ನ ವಿಷಯವಾಯಿತು.

ಹೊಳೆ ಹತ್ತಿರ ಅಂತ ಕೆಲಸ ಸುಲಭ ಅಂದುಕೊಳ್ಳಬೇಡಿ. ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯಬೇಕಾದರೆ, ಒಂದು ಗುಳ್ಳೆಯೂ ಸೇರದ ಹಾಗೆ ಬಾಟಲಿ ತುಂಬಿಸಿ, ದಡದಲ್ಲೇ ಎರಡು ರಾಸಾಯನಿಕ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಮುಂಜಾವಿಗೆ ಎದ್ದು ನನ್ನ ಜೊತೆ ಬರುತ್ತಿದ್ದವನು ಚಿಕ್ಕವನು. ರಾಸಾಯನಿಕ ಮುಟ್ಟೋದು ನಾನು, ಬಾಟಲಿಗೆ ಚೀಟಿ ಅಂಟಿಸೋದು, ಸಮಯ ಬರೆಯೋದು ಅವನು. ಮತ್ತೂರು ಹೊಸಹಳ್ಳಿ ಹತ್ತಿರ ಕಂದು ಗಸಿ ನೋಡಿ "ಕಾಫಿ" ಅಂತ ನಕ್ಕವನು, ಊರೊಳಗಿನ ಒಂದು ಚರಂಡಿ ನೀರಿಗೆ ಬಂದಾಗ ಬಾಟಲಿ ಎತ್ತಿ ಹಿಡಿದು, "ಚಿಕ್ಕಿ, ಇದು ಬಿಳಿನೇ ಇದೆ. ಇಲ್ಲಿ ಮೀನು ಹೇಗೆ ಇರುತ್ತೆ?" ಅಂತ ಕೇಳಿದ. ಇರಲ್ಲ ಕಣೋ ಅಂದೆ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಅವನು ಸುಮ್ಮನಿರೋದು ಅಪರೂಪ, ಅದಕ್ಕೇ ಬರೆದೆ.

ಇನ್ನು ದೊಡ್ಡವನು. ಮದುವೆಯಾದ ಹೊಸದರಲ್ಲಿ ಅವನು ನನ್ನ ಹತ್ತಿರ ಆಡುತ್ತಿದ್ದ ಮಾತು ಊಟದ ಹೊತ್ತಿಗೆ "ಸಾಕು" ಅನ್ನೋದೊಂದೇ. ನಾನೂ ಒತ್ತಾಯ ಮಾಡಲಿಲ್ಲ. ಹದಿನೇಳರ ಹುಡುಗನಿಗೆ ಅಮ್ಮನ ಜಾಗಕ್ಕೆ ಇನ್ನೊಬ್ಬರು ಬೇಕಿಲ್ಲ, ಅಲ್ವಾ? ಒಂದು ರಾತ್ರಿ ನಾನು ಆಮ್ಲಜನಕ ಅಳೆಯೋಕೆ ಬೇಕಾದ ಥಯೋಸಲ್ಫೇಟ್ ದ್ರಾವಣದ ಲೆಕ್ಕ ಬರೆದು ಹೊಡೆದು ಹಾಕುತ್ತಿದ್ದೆ. ಮೋಲಾರಿಟಿ, ನಾರ್ಮಾಲಿಟಿ ಎಲ್ಲ ಮರೆತೇ ಹೋಗಿತ್ತು. ಅವನು ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಅದರ ಅಣುತೂಕ 248ನ್ನು ಬೇಕಾದ ಸಾಂದ್ರತೆ 0.025ರಿಂದ ಗುಣಿಸಿ, "ಲೀಟರಿಗೆ 6.2 ಗ್ರಾಂ. ಇಷ್ಟೇ" ಅಂದ. ಅವನಿಗೂ ಆಗ ಕೆಮಿಸ್ಟ್ರಿ ಪ್ರಾಕ್ಟಿಕಲ್ ಹತ್ತಿರ ಇತ್ತು, ಟೈಟ್ರೇಶನ್ ನಾಲಿಗೆ ತುದಿಯಲ್ಲಿತ್ತು. ಅಲ್ಲಿಂದ ರಾತ್ರಿ ಊಟ ಆದಮೇಲೆ ಒಂದೇ ಮೇಜಿನ ಆ ಕಡೆ ಅವನು, ಈ ಕಡೆ ನಾನು. ಬೇರೇನೂ ಮಾತಾಡಲಿಲ್ಲ. ಕೆಮಿಸ್ಟ್ರಿ ಮಾತ್ರ. ನಮಗೆ ಅದು ಧಾರಾಳವಾಯಿತು. ನನ್ನ ಈ ಪುಟ್ಟ ಮೇಷ್ಟ್ರಿಗೆ ಥ್ಯಾಂಕ್ಸ್.

ಆ ಮೇಜಿಗಾಗಿ ಜಗಳ ಆಡಿದವಳು ಮಗಳು. ಕೊನೆಗೆ ದೇವರ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಓದಿ, ನಮ್ಮೆಲ್ಲರಿಗಿಂತ ಜಾಸ್ತಿ ಅಂಕ ತೆಗೆದಳು. ಅವಳ ಅಪ್ಪ ರಜೆಯಲ್ಲಿ ಅವಳನ್ನು ಕರೆದುಕೊಂಡು ಹೋಗಿ ನನಗೆ ಬಿಡುವು ಮಾಡಿಕೊಟ್ಟರು. ಅವರಿಗೂ ವಂದನೆ.

ಈಗ ಅಮ್ಮನ ವಿಷಯ. ನನ್ನ ಅಮ್ಮ ಅಲ್ಲ, ಗಂಡುಮಕ್ಕಳ ಅಜ್ಜಿ, ಅವರ ತಾಯಿಯ ತಾಯಿ. ತೀರ್ಥಹಳ್ಳಿ ಕಡೆಯವರು. ಮಾರ್ಚ್‌ನಲ್ಲಿ ಇಬ್ಬರ ಪರೀಕ್ಷೆ, ನನ್ನ ಸ್ಯಾಂಪಲ್ಲು ಎಲ್ಲ ಒಟ್ಟಿಗೆ ಬಂದಾಗ ಅವರೇ ಫೋನ್ ಮಾಡಿದರು. ತೋಟ, ದನ ಎಲ್ಲ ಮಗನಿಗೆ ಒಪ್ಪಿಸಿ, ಕಳಲೆ ಉಪ್ಪಿನಕಾಯಿ ಭರಣಿ ಸಮೇತ ಬಂದಿಳಿದರು. ಅಳಿಯನ ಎರಡನೇ ಹೆಂಡತಿ ಓದಲಿ ಅಂತ ಯಾರು ಬರುತ್ತಾರೆ ಹೇಳಿ? ನಾನು ಸಂಕೋಚ ಪಟ್ಟಾಗ, "ನೀನು ಹೋಗು ಮಾರಾಯ್ತಿ. ಮೂರು ಮಕ್ಕಳಿಗೆ ಗಂಜಿ ಹಾಕಕ್ಕೆ ನಂಗೆ ಬರ್ತದೆ" ಅಂದರು. ಮೂರು ಅಂದರು. ನನ್ನ ಮಗಳ ತಲೆಗೆ ಎಣ್ಣೆ ತಿಕ್ಕುತ್ತಾ ಅವಳ ಬಾಯಲ್ಲಿ ಇತಿಹಾಸದ ಉತ್ತರ ಹೇಳಿಸುತ್ತಿದ್ದರು. ಅಮ್ಮ, ನಿಮಗೆ ಏನು ಹೇಳಿದರೂ ಕಡಿಮೆಯೇ.

ಶಂಕರಘಟ್ಟದ ಬಸ್ಸಿನ ಕಂಡಕ್ಟರ್ ಅಣ್ಣನಿಗೂ ಥ್ಯಾಂಕ್ಸ್. ಥರ್ಮಾಕೋಲ್ ಪೆಟ್ಟಿಗೆ ನೋಡಿ ಮೊದಲ ದಿನ "ಮೀನಾ ಅಕ್ಕಾ?" ಅಂದವರು, ಆಮೇಲೆ ಡ್ರೈವರ್ ಹಿಂದಿನ ಸೀಟಿನ ಕೆಳಗೆ ಅದಕ್ಕೊಂದು ಜಾಗವನ್ನೇ ಇಟ್ಟರು. ಹಾಗೇ ನಮ್ಮ ಲ್ಯಾಬಿನ ಅಟೆಂಡರ್. ಬಿಓಡಿ ಪರೀಕ್ಷೆಗೆ ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು, ಕೊಳೆ ತಿನ್ನುವ ಜೀವಿಗಳು ಎಷ್ಟು ಆಮ್ಲಜನಕ ಖರ್ಚು ಮಾಡಿದವು ಅಂತ ನೋಡಬೇಕು. ಗುರುವಾರ ಇಟ್ಟರೆ ಭಾನುವಾರ ನೋಡಲೇಬೇಕು. ಮಕ್ಕಳ ಪರೀಕ್ಷೆಯಿಂದ ನನ್ನ ಸೋಮವಾರ ತಪ್ಪಿ ಗುರುವಾರ ಆದಾಗಲೆಲ್ಲ ಅವರು ಭಾನುವಾರ ಮನೆಯಿಂದ ಕೀ ತಂದು ಬಾಗಿಲು ತೆಗೆದರು. ಮುಖ ಒಂದು ದಿನವೂ ಸಿಂಡರಿಸಲಿಲ್ಲ.

ಫಲಿತಾಂಶ ಏನು ಅಂತ ಕೆಲವರು ಕೇಳಿದ್ದೀರಿ. ಜನ ಸ್ನಾನಕ್ಕಿಳಿಯುವ ಹೊಳೆ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಓಡಿ 3 ದಾಟಬಾರದು ಅನ್ನುತ್ತದೆ ಮಾನದಂಡ. ನಮ್ಮ ಹೊಳೆಯ ಅಂಕಿ ಅಂಶ ವರದಿಯಲ್ಲಿದೆ, ಬೇಕಾದವರು ಕೇಳಿ, ಕೊಡುತ್ತೇನೆ. ಅದರ ಜಗಳ ಇನ್ನೊಂದು ದಿನ ಆಡೋಣ.

ನನ್ನ ಯಜಮಾನರು ಅಡಿಕೆ ಮಂಡಿಯ ಲೆಕ್ಕ ಮುಗಿಸಿ ಬಂದು ರಾತ್ರಿ ಪಾತ್ರೆ ತೊಳೆದವರು. ಹೊಗಳಿದರೆ ಅವರಿಗೆ ಮುಜುಗರ, ಇಲ್ಲಿಗೇ ನಿಲ್ಲಿಸುತ್ತೇನೆ.

ಅಮ್ಮ ಫೋನಿನಲ್ಲಿ ಓದುವವರಲ್ಲ. ಅಡಿಕೆ ಕೊನೆ ಕೊಯ್ಲಿಗೆ ನಾವೆಲ್ಲ ಅಲ್ಲಿಗೆ ಹೋಗುತ್ತೇವೆ, ಆಗ ನಾನೇ ಓದಿ ಹೇಳ್ತೀನಿ ಅಂದಿದ್ದಾನೆ ಚಿಕ್ಕವನು. ತನ್ನ ಬಗ್ಗೆ ಬರೆದಿದ್ದನ್ನು ಎರಡು ಸಲ ಓದುತ್ತಾನೆ, ಅಣ್ಣನದನ್ನು ಹಾರಿಸುತ್ತಾನೆ. ಅಮ್ಮ, ಅದನ್ನೂ ಓದಿಸಿ.