ಹೊಗೆ ಹೊಡೆಯೋ ದಿನ ಮೊದಲೇ ಹೇಳಿ, ನಮ್ಮ ಹುಳು ಉಳಿಯಲಿ

ಸಂಪಾದಕರೇ, ನಮಸ್ಕಾರ.

ಹೋದ ತಿಂಗಳು ಒಂದು ಸಂಜೆ ನಮ್ಮ ಬೀದಿಯಲ್ಲಿ ಸೊಳ್ಳೆಗೆ ಹೊಗೆ ಹೊಡೆದರು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯ ಎಪ್ಪತ್ತು ರೇಷ್ಮೆ ಹುಳು ಸತ್ತುಹೋದವು. ಬಸವನಗುಡಿಯ ಮೊದಲನೇ ಮಹಡಿ ಮನೆಯಲ್ಲಿ ರೇಷ್ಮೆ ಹುಳು ಯಾಕಪ್ಪಾ ಅಂತ ನೀವು ಕೇಳಬಹುದು. ಗೋಸುಂಬೆಗೆ ತಿನ್ನಿಸೋಕೆ. ನಗಬೇಡಿ, ಪೂರ್ತಿ ಓದಿ.

ಇದು ನಮ್ಮ ಕಡೆ ಬೇಲಿ ಮೇಲೆ, ಹುಣಸೆ ಮರದಲ್ಲಿ ಕಾಣೋ ಗೋಸುಂಬೆ ಅಲ್ಲ. ಅದನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಯಾರೂ ಆ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮಲ್ಲಿರೋದು ಯೆಮೆನ್, ಸೌದಿ ಕಡೆಯ ಜಾತಿ. ತಲೆ ಮೇಲೆ ಟೋಪಿ ಇಟ್ಟ ಹಾಗೆ ಎತ್ತರದ ಮೂಳೆ ಇರುತ್ತೆ, ವೇಲ್ಡ್ ಕ್ಯಾಮೆಲಿಯನ್ ಅಂತಾರೆ. ನನ್ನ ಭಾವಮೈದ ಸಾಕುತ್ತಿದ್ದ, ಕೆಲಸಕ್ಕೆ ಹೊರದೇಶಕ್ಕೆ ಹೊರಟಾಗ ನನ್ನ ಮಗಳ ಕೈಗೆ ಕೊಟ್ಟು ಹೋದ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಎಲ್ಲ ಆಗಿದೆ. ಹೆಸರು ಗುಂಡ.

ಮೊದಲು ಗುಂಡನಿಗೆ ಅಂಗಡಿಯಿಂದ ಜಿರಲೆ ಜಾತಿಯ ಹುಳು, ಚಿಮ್ಮಂಡೆ ತರುತ್ತಿದ್ದೆವು. ಚಿಮ್ಮಂಡೆ ತಂದ ಮನೆಯಲ್ಲಿ ನಿದ್ದೆ ಇಲ್ಲ ಬಿಡಿ. ಡಬ್ಬದಿಂದ ಎರಡು ತಪ್ಪಿಸಿಕೊಂಡರೆ ಫ್ರಿಜ್ಜಿನ ಹಿಂದೆ ಸೇರಿಕೊಂಡು ರಾತ್ರಿ ಇಡೀ ಕಿರ್ ಕಿರ್. ಜೊತೆಗೆ ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ರಂಜಕ ಜಾಸ್ತಿ. ಬರೀ ಅದನ್ನೇ ಹಾಕುತ್ತಾ ಹೋದರೆ ಗೋಸುಂಬೆಗೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತೆ. ಬೇರೆ ಬೇರೆ ಹುಳು ಕೊಡಿ, ರೇಷ್ಮೆ ಹುಳು ಸಿಕ್ಕರೆ ತುಂಬಾ ಒಳ್ಳೆಯದು, ಮೈ ಮೆತ್ತಗಿರುತ್ತೆ, ನೀರಿನಂಶ ಚೆನ್ನಾಗಿರುತ್ತೆ ಅಂತ ಪ್ರಾಣಿಗಳ ಡಾಕ್ಟರ್ ಹೇಳಿದರು. ಗೋಸುಂಬೆ ಬಟ್ಟಲಿನ ನೀರನ್ನು ಮೂಸಿಯೂ ನೋಡಲ್ಲ. ಎಲೆ ಮೇಲೆ ಹನಿ ನಿಂತರೆ ನೆಕ್ಕುತ್ತೆ, ಅಷ್ಟೇ. ಅದಕ್ಕೇ ಊಟದಲ್ಲಿ ಒಂದಿಷ್ಟು ನೀರು ಹೋದರೆ ಒಳ್ಳೆಯದು.

ರೇಷ್ಮೆ ಹುಳು ಸಿಕ್ಕರೆ ಅಂದರೆ? ನಮ್ಮೂರು ಶಿಡ್ಲಘಟ್ಟ ತಾಲೂಕು! ಅಜ್ಜನ ಕಾಲದಿಂದ ಹುಳು ಸಾಕಿದ ಮನೆ ನಮ್ಮದು. ಈಗ ನಾನಿರೋದು ಟಾಟಾ ಸಿಲ್ಕ್ ಫಾರ್ಮ್ ಹತ್ತಿರ. ಒಂದು ಕಾಲಕ್ಕೆ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಇಲ್ಲಿ ರೇಷ್ಮೆ ಫಾರ್ಮ್ ನಡೆಸಿದ್ದರು. ಈಗ ಹೆಸರು ಉಳಿದಿದೆ, ಹುಳು ಇಲ್ಲ. ನಾನು ವಾಪಸ್ ತಂದೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದೆ, ಆ ಹೊಗೆ ಬರೋವರೆಗೆ.

ಅಮ್ಮನಿಗೆ ಇದು ಮೊದಲು ಸ್ವಲ್ಪವೂ ಇಷ್ಟ ಇರಲಿಲ್ಲ. "ಹುಳದಿಂದ ಅನ್ನ ತಿಂದೋರು ನಾವು. ಆ ಹುಳಾನೇ ಓತಿಗೆ ಹಾಕ್ತೀಯಲ್ಲೋ, ನಿಂಗೆ ಒಳ್ಳೇದಾಗುತ್ತಾ?" ಅಂದರು. ಗೂಡಿಂದ ನೂಲು ತೆಗೆಯೋ ಬಿಚ್ಚಾಣಿಕೆ ಮನೆಯಲ್ಲಿ ಬಿಸಿನೀರಿಗೆ ಹಾಕೋ ಗೂಡಿನೊಳಗೂ ಹುಳಾನೇ ಇರೋದು ಅಲ್ವಾ ಅಮ್ಮ ಅಂದೆ. ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ನಾನು ಒದ್ದೆ ಸೊಪ್ಪು ಹಾಕಿದ್ದು ನೋಡಿ ತಡೆಯೋಕಾಗಲಿಲ್ಲ, ಬೈದುಕೊಂಡು ತಾವೇ ಒಂದೊಂದೇ ಎಲೆ ಒರೆಸಿ ಹಾಕಿದರು. ಅವತ್ತಿನಿಂದ ಹುಳುವಿನ ಖಾತೆ ಅವರದ್ದು.

ರೈತರಿಗೆ ಎಳೆ ಹುಳು ಸಾಕಿಕೊಡೋ ಚಾಕಿ ಕೇಂದ್ರದಿಂದ ಹುಳು ತಂದ ಕತೆಯೂ ಹೇಳಿಬಿಡ್ತೀನಿ. "ನೂರು ಬೇಕಿತ್ತು" ಅಂದೆ. ಅವರು ಪುಸ್ತಕ ತೆಗೆದು, ಎಷ್ಟು ಎಕರೆ ತೋಟ, ಯಾವ ತಳಿ ಸೊಪ್ಪು ಅಂತ ಶುರು ಮಾಡಿದರು. ರೈತರ ಲೆಕ್ಕದಲ್ಲಿ ನೂರು ಅಂದರೆ ನೂರು ಮೊಟ್ಟೆ. ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಿದ್ದು ಅಷ್ಟೂ, ನಾನೂರು ಐನೂರು ಹುಳು. ನೂರು ಮೊಟ್ಟೆಗೆ ನಲವತ್ತು ಸಾವಿರ ಹುಳು ದಾಟುತ್ತೆ, ಹೆಚ್ಚುಕಡಿಮೆ ಒಂದು ಟನ್ ಸೊಪ್ಪು ಬೇಕು! "ಅಣ್ಣಾ, ನೂರು ಹುಳ ಸಾಕು" ಅಂದೆ. ನಕ್ಕು ನಕ್ಕು ಸುಸ್ತಾಗಿ, ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಹುಳುಗಳನ್ನು ಪೇಪರ್ ಸಮೇತ ಸ್ವೀಟ್ ಡಬ್ಬಕ್ಕೆ ಹಾಕಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ನೂರು ಹುಳುವಿಗೆ ಹುಟ್ಟಿನಿಂದ ಗೂಡಿನವರೆಗೆ ಎರಡೂವರೆ ಕೆಜಿ ಹಿಪ್ಪುನೇರಳೆ ಸೊಪ್ಪು ಸಾಕು, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕೊನೇ ಒಂದು ವಾರದಲ್ಲೇ ತಿಂದು ಮುಗಿಸುತ್ತವೆ. ಊರಿಂದ ಕಡ್ಡಿ ತಂದು ಟೆರೇಸಿನ ಕುಂಡದಲ್ಲಿ ನೆಟ್ಟಿದ್ದೀನಿ, ಸಾಲದಿದ್ದರೆ ಊರಿಂದ ಬರೋರ ಕೈಲಿ ಒಂದು ಚೀಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಲ್ಲಿಟ್ಟರೆ ಮೂರ್ನಾಲ್ಕು ದಿನ ಬಾಡಲ್ಲ. ರಸ್ತೆ ಬದಿ ಮರದ ಸೊಪ್ಪು ಬೇಡ, ಯಾರು ಏನು ಸಿಂಪಡಿಸಿದ್ದಾರೋ ಗೊತ್ತಾಗಲ್ಲ.

ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡೋಕೆ ತಲೆ ಎತ್ತಿ ಅಲ್ಲಾಡದೆ ಕೂತಾಗ, ಸೊಪ್ಪು ಹಾಕಬಾರದು. ಒಟ್ಟು ನಾಲ್ಕು ಜ್ವರ. ಗುಂಡನಿಗೆ ಮೂರನೇ ಜ್ವರ ಎದ್ದ ಮೇಲಿನ ಹುಳು ಸರಿಯಾದ ಅಳತೆ. ಅವನ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದಪ್ಪ ಇರಬಾರದು ಅನ್ನೋದು ಸಾಕೋರ ಲೆಕ್ಕ. ರೇಷ್ಮೆ ಹುಳು ಓಡಲ್ಲ, ಹಾರಲ್ಲ, ಕಚ್ಚಲ್ಲ. ಚಿಕ್ಕ ಬಟ್ಟಲಲ್ಲಿ ಬಿಟ್ಟರೆ ಅಲ್ಲೇ ಇರುತ್ತೆ. ಗುಂಡ ಒಂದು ಕಣ್ಣಲ್ಲಿ ನನ್ನನ್ನು ನೋಡುತ್ತಾ, ಇನ್ನೊಂದು ಕಣ್ಣು ಬಟ್ಟಲ ಕಡೆ ತಿರುಗಿಸಿ, ಆಮೇಲೆ ಎರಡೂ ಕಣ್ಣು ಒಂದೇ ಕಡೆ ನೆಟ್ಟು, ನಿಧಾನಕ್ಕೆ ಬಾಯಿ ಒಂದು ಚೂರು ತೆರೆದು, ನಾಲಿಗೆಯ ತುದಿ ಕಾಣಿಸಿ... ಟಪ್. ಹುಳು ಇಲ್ಲ! ನಾಲಿಗೆ ಹೋಗಿದ್ದು ಬಂದಿದ್ದು ಇವತ್ತಿನವರೆಗೂ ನನ್ನ ಕಣ್ಣಿಗೆ ಸರಿಯಾಗಿ ಬಿದ್ದಿಲ್ಲ. ಮಿಕ್ಕ ಹುಳು ಹಣ್ಣಾದರೆ ಕೋಳಿಮೊಟ್ಟೆ ಟ್ರೇಯಲ್ಲಿ ಬಿಡುತ್ತೀವಿ, ಅಲ್ಲೇ ಗೂಡು ಕಟ್ಟುತ್ತವೆ. ಚಿಟ್ಟೆ ಹೊರಗೆ ಬಂದರೆ ಅದೂ ಗುಂಡನಿಗೆ ಹಬ್ಬ. ಹೇಗೂ ಆ ಚಿಟ್ಟೆ ಹಾರಲ್ಲ, ಏನೂ ತಿನ್ನಲ್ಲ.

ಇನ್ನೊಂದು ಮಾತು ಊರಿನ ಪರವಾಗಿ. ಹೀಗೆ ಸಾಕಿ ಮಿಕ್ಕ ಹುಳುವನ್ನು ಪಾಪ ಅಂತ ರೈತರ ಹುಳುಮನೆಗೆ ವಾಪಸ್ ಬಿಡೋಕೆ ಹೋಗಬೇಡಿ. ಹಾಲುತೊಂಡೆ, ಗಂಟುರೋಗ ಅಂತ ಹುಳುವಿನ ಕಾಯಿಲೆಗಳಿವೆ, ಯಾವುದು ಹೊತ್ತುಕೊಂಡು ಹೋಗುತ್ತೋ ಕಣ್ಣಿಗೆ ಕಾಣಲ್ಲ. 1980ರಲ್ಲಿ ರೇಷ್ಮೆ ಹುಳುವಿನ ಮೈ ಮೇಲೆ ಮೊಟ್ಟೆ ಇಟ್ಟು ಅದನ್ನು ಸಾಯಿಸೋ ಊಜಿ ನೊಣ ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಬಂತು. ಇವತ್ತಿಗೂ ನಮ್ಮೂರಲ್ಲಿ ಹುಳುಮನೆ ಕಿಟಕಿಗೆ ಅದಕ್ಕೇ ನೈಲಾನ್ ಪರದೆ.

ಈಗ ಹೊಗೆ ವಿಷಯ. ಅವತ್ತು ಸಂಜೆ ಆರೂವರೆ ಇರಬೇಕು. ಬಾಲ್ಕನಿ ಬಾಗಿಲು ತೆಗೆದಿತ್ತು. ಬುರ್ರ್ ಅಂತ ಸದ್ದು ಕೇಳಿ ನಾನು ಎದ್ದು ಬರೋದರೊಳಗೆ ಹಾಲ್ ತುಂಬ ಬಿಳೀ ಹೊಗೆ, ಡೀಸೆಲ್ ವಾಸನೆ. ಹುಳುವಿನ ಟ್ರೇ ಬಾಲ್ಕನಿ ಪಕ್ಕದ ಸ್ಟೂಲ್ ಮೇಲೇ ಇತ್ತು. ಗುಂಡನ ಪಂಜರ ಒಳಗಿನ ರೂಮಲ್ಲಿದ್ದದ್ದು ಪುಣ್ಯ. ಬೆಳಿಗ್ಗೆ ನೋಡಿದರೆ ಹುಳು ಸೊಪ್ಪು ಮುಟ್ಟಿಲ್ಲ, ತಲೆ ಎತ್ತಿವೆ. ಜ್ವರಕ್ಕೆ ಕೂತಿವೆ ಅಂದುಕೊಂಡು ಸುಮ್ನೆ ಹಲ್ಲುಜ್ಜೋಕೆ ಹೋದೆ. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಜ್ವರಕ್ಕೆ ಕೂತ ಹುಳು ಅಲ್ಲಾಡಲ್ಲ, ಇವು ತಲೆಯನ್ನು ಆ ಕಡೆ ಈ ಕಡೆ ಒದ್ದಾಡಿಸುತ್ತಿದ್ದವು, ಬಾಯಿಂದ ಹಸಿರು ನೀರು. "ಜ್ವರ ಅಲ್ಲ ಕಣೋ, ಔಷಧಿ ಬಡಿದೈತೆ" ಅಂದರು. ಅಷ್ಟರಲ್ಲಿ ಕೆಲವು ಕುಗ್ಗಿ ಅರ್ಧ ಉದ್ದ ಆಗಿದ್ದವು. ನಮ್ಮಜ್ಜ ಹುಳುಮನೆ ಹತ್ತಿರ ಯಾರಾದರೂ ಬೀಡಿ ಹಚ್ಚಿದರೆ ಕೋಲು ತಗೊಳ್ಳುತ್ತಿದ್ದರು, ಸೊಳ್ಳೆಬತ್ತಿಯಂತೂ ಮನೆಗೇ ತರುವ ಹಾಗಿರಲಿಲ್ಲ. ಹೊಗೆಸೊಪ್ಪಿನ ಗಾಳಿಗೇ ಸಾಯೋ ಪ್ರಾಣಿ ಅದು. ಸೊಳ್ಳೆಗೆ ಮಾಡಿದ ಔಷಧಿ ಮುಂದೆ ಎಲ್ಲಿ ನಿಲ್ಲುತ್ತೆ? ಅಷ್ಟನ್ನೂ ಪೇಪರಲ್ಲಿ ಕಟ್ಟಿ ಎಸೆದೆವು. ವಿಷ ತಿಂದ ಹುಳು ಗುಂಡನಿಗೆ ಹಾಕೋಕಾಗಲ್ಲವಲ್ಲ. ಅಮ್ಮ ಅವತ್ತು ತಿಂಡಿ ತಿನ್ನಲಿಲ್ಲ.

ಹೊಗೆ ಹೊಡೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಡೆಂಗ್ಯೂವನ್ನು 2024ರಲ್ಲಿ ಸರ್ಕಾರವೇ ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು, ಪಕ್ಕದ ಮನೆ ಹುಡುಗ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದ್ದನ್ನು ನಾನೂ ನೋಡಿದ್ದೀನಿ. ಆದರೆ ಹೊಗೆ ಸಾಯಿಸೋದು ಆ ಹೊತ್ತಲ್ಲಿ ಹಾರಾಡೋ ಸೊಳ್ಳೆಯನ್ನು ಮಾತ್ರ. ಸಂಪಿನಲ್ಲಿ, ಹಳೇ ಟೈರಲ್ಲಿ, ಕಟ್ಟೋ ಮನೆ ನೀರಲ್ಲಿ ಇರೋ ಮರಿಗೆ ಏನೂ ಆಗಲ್ಲ. ನಮ್ಮ ಬೀದಿ ಕೊನೆಯಲ್ಲಿ ಅರ್ಧಕ್ಕೆ ನಿಂತ ಕಟ್ಟಡದ ತಳದಲ್ಲಿ ಮಳೆಗಾಲದಿಂದ ನೀರು ನಿಂತಿದೆ, ಅದರ ಮುಂದೆಯೇ ಮೆಷಿನ್ ಹೊತ್ತುಕೊಂಡು ಹೋದರು. ಯಾರು, ಯಾವ ಕಚೇರಿ ಅಂತ ಹೆಸರು ಬರೆಯಲ್ಲ. ಬೆನ್ನ ಮೇಲೆ ಮೆಷಿನ್ ಹೊತ್ತ ಹುಡುಗನ ಮುಖಕ್ಕೆ ಒಂದು ಕರ್ಚೀಫು ಬಿಟ್ಟರೆ ಏನೂ ಇರಲಿಲ್ಲ, ಅವನ ಮೇಲಂತೂ ನನಗೆ ಸಿಟ್ಟಿಲ್ಲ.

ಕೇಳೋದು ಇಷ್ಟೇ. ಹಿಂದಿನ ದಿನ ಹೇಳಿ. ದಿನಾ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬೀದಿಬೀದಿಗೂ ಬರುತ್ತಲ್ಲ, ಅದೇ ಮೈಕಲ್ಲಿ "ನಾಳೆ ಸಂಜೆ ಈ ಬೀದಿಯಲ್ಲಿ ಹೊಗೆ, ಕಿಟಕಿ ಹಾಕಿಕೊಳ್ಳಿ" ಅಂತ ಒಂದು ಸಾಲು ಹೇಳಿಸಿದರೆ ಒಂದು ರೂಪಾಯಿ ಖರ್ಚಿಲ್ಲ. ಉಬ್ಬಸ ಇರೋರು, ಹಸುಗೂಸು ಇರೋರು, ಟೆರೇಸಲ್ಲಿ ಜೇನುಪೆಟ್ಟಿಗೆ ಇಟ್ಟೋರು, ಮೀನಿನ ತೊಟ್ಟಿ ಇರೋರು ಎಲ್ಲರಿಗೂ ಉಪಯೋಗ. ಗೋಸುಂಬೆ ಸಾಕೋರು ಈ ಊರಲ್ಲಿ ನಾವು ನಾಲ್ಕು ಜನ ಇರಬಹುದು, ನಮ್ಮನ್ನು ಕೊನೆಗೆ ಸೇರಿಸಿಕೊಳ್ಳಿ ಪರವಾಗಿಲ್ಲ.

ಮುಂದಿನ ಸೋಮವಾರ ಊರಿಂದ ಮತ್ತೆ ನೂರು ಹುಳು ಬರುತ್ತಿದೆ. ಟ್ರೇ ಈ ಸಲ ಒಳಗಿನ ರೂಮಲ್ಲಿ, ಅಮ್ಮನ ಮಂಚದ ಪಕ್ಕ.

ಇಂತಿ,
ಒಬ್ಬ ಓದುಗ, ಬಸವನಗುಡಿ, ಬೆಂಗಳೂರು