ಒಂದೇ ಸಾಲಿನ ಎಕ್ಮೊ ಬಿಲ್: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಮೆಡಿಕಲ್ ಕೋಡರ್. ಅಮೆರಿಕದ ಆಸ್ಪತ್ರೆಗಳ ಕೇಸ್ ಶೀಟ್ ಓದಿ, ಅಲ್ಲಿ ಮಾಡಿದ ಪ್ರತಿ ಚಿಕಿತ್ಸೆಗೂ ಅದರ ಕೋಡ್ ಹಾಕುವುದು ನನ್ನ ಕೆಲಸ. ಆ ಕೋಡ್ ನೋಡಿಯೇ ಅಲ್ಲಿನ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುತ್ತದೆ. ಈ ಊರಲ್ಲಿ ಸಾವಿರಾರು ಜನಕ್ಕೆ ಇದೇ ಅನ್ನ. ನನ್ನ ಪಾಲಿಗೆ ಜಾಸ್ತಿ ಬರುವುದು ಮಕ್ಕಳ ಹೃದಯದ ಕೇಸುಗಳು.

ಎರಡು ವರ್ಷದ ಹಿಂದೆ ನಮ್ಮ ಅಕ್ಕನ ಮಗು ಹುಟ್ಟಿದ ಎರಡನೇ ದಿನವೇ ಎಕ್ಮೊ ಯಂತ್ರಕ್ಕೆ ಹೋಯಿತು. ತಾಯಿಯ ಹೊಟ್ಟೆಯಲ್ಲೇ ಮಲ ಮಾಡಿಕೊಂಡು, ಅದು ಬೆರೆತ ಗರ್ಭದ ನೀರು ಮಗುವಿನ ಶ್ವಾಸಕೋಶ ಸೇರಿತ್ತು. ಹಾಸನದಿಂದ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ತಂದರು. ವೆಂಟಿಲೇಟರ್ ಸಾಕಾಗಲಿಲ್ಲ. ಕತ್ತಿನ ಹತ್ತಿರ ಕೊಯ್ದು ಎರಡು ನಳಿಕೆ ಹಾಕಿದರು. ಒಂದರಿಂದ ರಕ್ತ ಹೊರಗೆ ಬರುತ್ತದೆ, ಯಂತ್ರ ಅದಕ್ಕೆ ಆಮ್ಲಜನಕ ಸೇರಿಸುತ್ತದೆ, ಇನ್ನೊಂದರಿಂದ ಒಳಗೆ ಹೋಗುತ್ತದೆ. ಹೃದಯ, ಶ್ವಾಸಕೋಶ ಎರಡಕ್ಕೂ ಸ್ವಲ್ಪ ದಿನ ರಜೆ ಕೊಟ್ಟ ಹಾಗೆ. ಆರು ದಿನ ಹೀಗೆ ನಡೆಯಿತು. ಮಗು ಉಳಿಯಿತು.

ಆ ಡಾಕ್ಟರುಗಳು, ನರ್ಸುಗಳು, ಹಗಲು ರಾತ್ರಿ ಪಕ್ಕದಲ್ಲೇ ಕೂತು ಯಂತ್ರ ನಡೆಸಿದ ಪರ್ಫ್ಯೂಷನಿಸ್ಟ್, ಇವರ ಋಣ ನಾವು ತೀರಿಸಲಾರೆವು. ಈ ಪತ್ರ ಅವರ ಮೇಲಿನ ದೂರಲ್ಲ.

ಡಿಸ್ಚಾರ್ಜ್ ದಿನ ಭಾವನ ಕೈಗೆ ಬಿಲ್ ಬಂತು. ಅದರಲ್ಲಿ ಹತ್ತಿ, ಸಿರಿಂಜ್, ಗ್ಲೌಸ್ ಎಲ್ಲಕ್ಕೂ ಬೇರೆ ಬೇರೆ ಸಾಲು ಇತ್ತು. ಎಲ್ಲಕ್ಕಿಂತ ದೊಡ್ಡ ಮೊತ್ತ ಮಾತ್ರ ಒಂದೇ ಸಾಲು: "ಎಕ್ಮೊ ಚಾರ್ಜಸ್, ಸಂಖ್ಯೆ 1". ಮುಂದೆ ಆರಂಕಿಯ ಮೊತ್ತ. ಭಾವ ಕೇಳಿದರು, "ನೀನು ಇದೇ ಕೆಲಸ ಮಾಡ್ತೀಯಲ್ಲಮ್ಮ, ಇದರಲ್ಲಿ ಏನೇನು ಸೇರಿದೆ ಹೇಳು." ನನಗೆ ಹೇಳಲು ಆಗಲಿಲ್ಲ ಸರ್. ದಿನಕ್ಕೆ ಎಂಟು ಗಂಟೆ ಇದನ್ನೇ ಓದುವ ನನಗೆ, ನಮ್ಮ ಮನೆ ಮಗುವಿನ ಬಿಲ್ ಅರ್ಥವಾಗಲಿಲ್ಲ.

ಅದೇ ಕೇಸ್ ಅಮೆರಿಕದಿಂದ ನನ್ನ ಕಂಪ್ಯೂಟರಿಗೆ ಬಂದಿದ್ದರೆ ಡಾಕ್ಟರ ಕೆಲಸವನ್ನು ನಾನು ಹೀಗೆ ಬಿಡಿಸುತ್ತಿದ್ದೆ. ಮೊದಲ ದಿನ ಎಕ್ಮೊ ಶುರು ಮಾಡಿದ್ದಕ್ಕೆ 33947 ಎಂಬ ಕೋಡ್. ಅದು ಹೃದಯಕ್ಕೂ ಆಸರೆ ಕೊಡುವ ವಿಎ ಎಕ್ಮೊ ಎಂದು ಆ ಕೋಡೇ ಹೇಳುತ್ತದೆ. ಬರೀ ಶ್ವಾಸಕೋಶಕ್ಕಾಗಿದ್ದರೆ 33946. ಕೊಯ್ದು ನಳಿಕೆ ಹಾಕಿದ್ದಕ್ಕೆ 33953. ಚರ್ಮದ ಮೇಲಿಂದಲೇ ಚುಚ್ಚಿ ಹಾಕಿದ್ದರೆ 33951, ಎದೆ ತೆರೆದು ಹಾಕಿದ್ದರೆ 33955. ಆಮೇಲೆ ಪ್ರತಿ ದಿನದ ನಿಗಾಕ್ಕೆ 33949, ದಿನಕ್ಕೆ ಒಂದೇ ಸಲ. ಶುರು ಮಾಡಿದ ದಿನವೇ ಅದೇ ಡಾಕ್ಟರು ಇದನ್ನು ಸೇರಿಸುವಂತಿಲ್ಲ. ಕೊನೆಗೆ ಕೊಯ್ದು ನಳಿಕೆ ತೆಗೆದದ್ದಕ್ಕೆ 33969. ನಳಿಕೆ ಹಾಕುವ, ತೆಗೆಯುವ ಈ ಕೋಡ್‌ಗಳು ಹುಟ್ಟಿನಿಂದ 5 ವರ್ಷದವರೆಗಿನ ಮಕ್ಕಳಿಗೇ ಬೇರೆ, 6 ವರ್ಷ ತುಂಬಿದವರಿಗೇ ಬೇರೆ. ಎಳೆಗೂಸಿನ ಕತ್ತಿನ ರಕ್ತನಾಳ ಹುಡುಕಿ ನಳಿಕೆ ಕೂರಿಸುವುದು ದೊಡ್ಡವರಿಗೆ ಮಾಡಿದ ಹಾಗಲ್ಲ, ಅಲ್ವಾ?

ಅಮೆರಿಕದಲ್ಲೂ ಇದು ಒಂದೇ ದಿನದಲ್ಲಿ ಆಗಿದ್ದಲ್ಲ. ಡಾಕ್ಟರ್ ರಾಬರ್ಟ್ ಬಾರ್ಟ್ಲೆಟ್ ಎಕ್ಮೊದಿಂದ ಮೊದಲ ನವಜಾತ ಶಿಶುವನ್ನು ಉಳಿಸಿದ್ದು 1975ರಲ್ಲಿ. ಕೋಡ್‌ಗಳನ್ನು ಇಷ್ಟು ಬಿಡಿಸಿ ಬರೆದದ್ದು 2015ರಲ್ಲಿ. ಅಲ್ಲಿನ ದರ ನಮಗೆ ಖಂಡಿತ ಬೇಡ. ಆ ಬಿಲ್‌ಗಳಿಂದ ಮನೆ ಮುಳುಗಿದವರು ಅಲ್ಲೂ ಇದ್ದಾರೆ. ನಾನು ಕೇಳುತ್ತಿರುವುದು ಲೆಕ್ಕ ಬರೆಯುವ ಶಿಸ್ತನ್ನು ಮಾತ್ರ.

ಆ ಒಂದು ಸಾಲಿನಿಂದ ಏನಾಯಿತು ಗೊತ್ತಾ ಸರ್? ಭಾವನ ಕಂಪನಿಯ ಇನ್ಶೂರೆನ್ಸ್‌ನವರು ಬ್ರೇಕ್-ಅಪ್, ಅಂದರೆ ಯಾವುದಕ್ಕೆ ಎಷ್ಟು ಎಂಬ ವಿವರ, ಕೇಳಿದರು. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ "ಅದು ಪ್ಯಾಕೇಜ್, ಒಡೆಯಲು ಬರಲ್ಲ" ಎಂದರು. ಭಾವ ಏಳು ವಾರ ಅಲೆದರು. ಒಂದು ಭಾಗ ಬಂತು, ಉಳಿದದ್ದು ಬರಲೇ ಇಲ್ಲ. ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗವಾದ ಆಕ್ಸಿಜನೇಟರ್ ಒಂದು ಬಳಸಿದರೋ ಎರಡೋ, ಆರು ದಿನಕ್ಕೆ ಹಾಕಿದ್ದಾರೋ ಏಳಕ್ಕೋ, ರಕ್ತ ಈ ಪ್ಯಾಕೇಜ್ ಒಳಗಿದೆಯೋ ಹೊರಗಿದೆಯೋ, ಇವತ್ತಿಗೂ ನಮಗೆ ತಿಳಿದಿಲ್ಲ. ಯಾರೋ ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಮಾಡಿಲ್ಲ ಎಂದು ತೋರಿಸಲು ಆ ಆಸ್ಪತ್ರೆಗೂ ದಾರಿ ಇರಲಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ ಇದೆ. ಎಕ್ಮೊದಂಥ ಚಿಕಿತ್ಸೆಯಲ್ಲಿ ಒಂದೊಂದು ದಿನವೂ ದುಬಾರಿ. ಎಷ್ಟು ಮಕ್ಕಳಿಗೆ, ಯಾವ ಕಾಯಿಲೆಗೆ, ಎಷ್ಟು ದಿನ ಎಕ್ಮೊ ಬೇಕಾಯಿತು ಎಂಬ ಲೆಕ್ಕ ಇಲ್ಲದೆ ಆ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಗಲಿ, ಬೇರೆ ಯಾರಾಗಲಿ ನ್ಯಾಯವಾದ ದರ ಹೇಗೆ ಕಟ್ಟುತ್ತಾರೆ? "ಸಂಖ್ಯೆ 1" ಎನ್ನುವ ಬಿಲ್‌ಗಳನ್ನು ನೂರು ಕೂಡಿಸಿದರೂ ಆ ಲೆಕ್ಕ ಸಿಗುವುದಿಲ್ಲ.

ತಮ್ಮ ಕೈಯಲ್ಲಿ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆ ಇದೆ. 2007ರ ಆ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ರೋಗಿಗಳ ಹಕ್ಕುಗಳು ಸೇರಿದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯೂ ವಿವರವಾದ ಬಿಲ್ ಪಡೆಯುವುದು ಹಕ್ಕು ಎನ್ನುತ್ತದೆ. "ವಿವರ" ಎಂದರೆ ಹತ್ತಿಯ ವಿವರವಲ್ಲ ಎಂದು ತಾವು ಆದೇಶದಲ್ಲಿ ಬಿಡಿಸಿ ಹೇಳಬೇಕು. ಎಕ್ಮೊ ಮಾಡಿದ ಪ್ರತಿ ಮಗುವಿಗೂ ದಿನದ ಹಾಳೆ ಇರಲಿ: ಯಾವ ಬಗೆಯ ಎಕ್ಮೊ, ನಳಿಕೆ ಹೇಗೆ ಹಾಕಿದರು, ಎಷ್ಟು ಗಂಟೆ ನಡೆಯಿತು, ಆಕ್ಸಿಜನೇಟರ್ ಬದಲಿಸಿದರಾ, ರಕ್ತ ಎಷ್ಟು ಯೂನಿಟ್, ಆ ದಿನದ ಚಾರ್ಜ್ ಎಷ್ಟು. ಅದರ ಪ್ರತಿ ಪ್ರತಿದಿನ ಸಂಜೆ ತಂದೆತಾಯಿಗೆ ಕನ್ನಡದಲ್ಲಿ ಸಿಗಲಿ. ಐಸಿಯು ಹೊರಗೆ ಕುರ್ಚಿಯಲ್ಲಿ ಕೂತವರಿಗೆ "ನಾಳೆ ಇನ್ನಷ್ಟು ಕಟ್ಟಿ" ಎಂಬ ಫೋನ್ ಮಾತ್ರ ಬರಬಾರದು.

ಕೋಡ್‌ಗಾಗಿ ಅಮೆರಿಕದ ಪಟ್ಟಿ ಕೊಳ್ಳಬೇಕಿಲ್ಲ. ಅದಕ್ಕೆ ಲೈಸೆನ್ಸ್ ಬೇಕು. ಸ್ನೋಮೆಡ್ ಸಿ.ಟಿ. ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಕೋಡ್ ಪಟ್ಟಿಗೆ ಭಾರತ 2014ರಿಂದಲೇ ಸದಸ್ಯ ದೇಶ. ನಮ್ಮಲ್ಲಿ ಅದನ್ನು ಬಳಸಲು ಶುಲ್ಕವಿಲ್ಲ. ಪುಣೆಯಲ್ಲಿ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನಲ್ಲಿ ಅದಕ್ಕೊಂದು ಕೇಂದ್ರವೇ ಇದೆ. ಕೋಡ್ ಹಾಕಲು ಕಲಿತವರು ಈ ಊರಲ್ಲೇ ಇದ್ದೇವೆ. ಎಕ್ಮೊ ಎಲ್ಲ ಆಸ್ಪತ್ರೆಯಲ್ಲೂ ಇಲ್ಲ, ಹಾಗಾಗಿ ಶುರು ಮಾಡಲು ಇದು ಸುಲಭದ ಜಾಗ.

ಮಗುವಿಗೆ ಈಗ ಎರಡು ವರ್ಷ. ಕತ್ತಿನ ಬಲಗಡೆ ಬೆರಳಗಲದ ಗಾಯದ ಗುರುತಿದೆ. ಆ ಬಿಲ್ ಭಾವನ ಫೈಲಿನಲ್ಲಿ ಹಾಗೇ ಇದೆ. ತಮ್ಮ ಕಚೇರಿಯಿಂದ ಕರೆ ಬಂದರೆ ತಂದು ತೋರಿಸುತ್ತೇವೆ. ಹಾಳೆಯ ನಮೂನೆಯನ್ನು ನಾನೇ ಕೂತು ಬರೆದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಮೆಡಿಕಲ್ ಕೋಡರ್