ಹೊಸ ಕ್ಯಾಮೆರಾ ಮಾಡುವವರು ಒಂದು ರಾತ್ರಿ ಯಕ್ಷಗಾನದ ಆಟ ನೋಡಲಿ

ಸಂಪಾದಕರಿಗೆ ನಮಸ್ಕಾರ.

ಹೊಸ ಕ್ಯಾಮೆರಾ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ತರಹದ ಬರಹ ಬರುತ್ತದೆ. ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫೋಟೋ, 8ಕೆ ವಿಡಿಯೋ ಇದೆಯಾ, ಬೆಲೆ ಎಷ್ಟು. ಅಲ್ಲಿಗೆ ಮುಗೀತು. ಅದನ್ನು ಹಿಡಿದು ದುಡಿಯುವವರಿಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ನಾನು ಕರಾವಳಿಯಲ್ಲಿ ಯಕ್ಷಗಾನ, ಕಂಬಳ, ಮದುವೆಗಳ ಫೋಟೋ ತೆಗೆದು ಬದುಕುವವನು, ಆಗಾಗ ಪತ್ರಿಕೆಗಳಿಗೂ ಕಳಿಸುತ್ತೇನೆ. ಕೆಲಸದ ಮುಕ್ಕಾಲು ಪಾಲು ರಾತ್ರಿಯೇ. ಯಾರೂ ಕೇಳದಿದ್ದರೂ ನಾನೇ ಹೇಳೋಣ ಅಂತ ಬರೆಯುತ್ತಿದ್ದೇನೆ.

ನನಗೆ ಬೇಕಿರುವುದು ಒಳಗೆ ಕನ್ನಡಿ ಇರುವ ಕ್ಯಾಮೆರಾ, ಅಂದರೆ ಒಂದು ಹೊಸ, ಗಟ್ಟಿಯಾದ ಡಿಎಸ್‌ಎಲ್‌ಆರ್. ಕನ್ನಡಿ ಇಲ್ಲದ ಮಿರರ್‌ಲೆಸ್ ಬಂದ ಮೇಲೆ ಅದರ ಕಾಲ ಮುಗಿಯಿತಲ್ಲ ಅನ್ನುವವರಿದ್ದಾರೆ. ಕ್ಯಾನನ್‌ನವರ 1ಡಿ ಎಕ್ಸ್ ಮಾರ್ಕ್ 3 ಬಂದದ್ದು 2020ರಲ್ಲಿ. ಅದೇ ತಮ್ಮ ಕೊನೆಯ ದೊಡ್ಡ ಡಿಎಸ್‌ಎಲ್‌ಆರ್ ಎಂದು ಕಂಪನಿಯ ಮುಖ್ಯಸ್ಥರು 2021ರ ಕೊನೆಯಲ್ಲಿ ಹೇಳಿಬಿಟ್ಟರು. ನಿಕಾನ್‌ನ ಡಿ6 ಕೂಡ 2020ರದ್ದೇ. ಆಮೇಲೆ ಆ ಸಾಲಿಗೆ ಹೊಸದೇನೂ ಬಂದಿಲ್ಲ. ಪೆಂಟಾಕ್ಸ್ 2021ರಲ್ಲಿ ಕೆ-3 ಮಾರ್ಕ್ 3 ತಂದಿತು, ಸಂತೋಷ. ಆದರೆ ನಮ್ಮಂಥವರ ಮನೆಯಲ್ಲಿರುವ ಲೆನ್ಸ್‌ಗಳೆಲ್ಲ ನಿಕಾನ್, ಕ್ಯಾನನ್‌ನವು. ಅದನ್ನೆಲ್ಲ ಮಾರಿ ಮತ್ತೆ ಮೊದಲಿಂದ ಶುರು ಮಾಡುವುದು ಸುಲಭವಾ?

ಮಿರರ್‌ಲೆಸ್ ಕ್ಯಾಮೆರಾ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸಂಗೀತ ಕಛೇರಿಯಲ್ಲಿ ಸದ್ದಿಲ್ಲದೆ ಫೋಟೋ ತೆಗೆಯಲು ಅದರಂಥದ್ದು ಇನ್ನೊಂದಿಲ್ಲ. ಆದರೆ ಯಕ್ಷಗಾನದ ರಂಗಸ್ಥಳದ ಎದುರು ಬಂದು ನೋಡಿ. ಬಣ್ಣದ ವೇಷ ತೆರೆಯ ಹಿಂದೆ ಕುಣಿಯುತ್ತಿರುತ್ತದೆ. ಚೆಂಡೆ ಏರುತ್ತಾ ಹೋಗುತ್ತದೆ. ಇಬ್ಬರು ಹಿಡಿದ ಆ ತೆರೆ ಒಂದು ಕ್ಷಣ ಕೆಳಗಿಳಿಯುತ್ತದೆ, ಮುಖ ಕಾಣುತ್ತದೆ, ಮತ್ತೆ ಮೇಲೇರುತ್ತದೆ. ಆ ಒಂದು ಕ್ಷಣಕ್ಕಾಗಿ ಎಷ್ಟೋ ಹೊತ್ತು ಕಣ್ಣನ್ನು ವ್ಯೂಫೈಂಡರಿಗೆ ಒತ್ತಿಕೊಂಡೇ ನಿಂತಿರಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಹಾಗೆ ನಿಂತರೆ ಬ್ಯಾಟರಿ ಖರ್ಚಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಕನ್ನಡಿಯಿಂದ ಬಂದ ಬೆಳಕು ನೇರವಾಗಿ ಕಣ್ಣಿಗೆ ಬರುತ್ತದೆ, ಅಷ್ಟೇ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಓಡುತ್ತಿರಬೇಕು, ಒಳಗಿನ ಪುಟ್ಟ ಪರದೆ ಉರಿಯುತ್ತಿರಬೇಕು. ಕತ್ತಲು ಜಾಸ್ತಿಯಾದರೆ ಆ ಪರದೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಕಣ್ಣೂ ಸೋಲುತ್ತದೆ. ಎಲ್ಲ ಕಂಪನಿಗಳೂ ಒಪ್ಪುವ ಸಿಪಾ ಲೆಕ್ಕದಲ್ಲಿ ನಿಕಾನ್ ಡಿ5ರ ಒಂದು ಚಾರ್ಜ್‌ಗೆ 3,780 ಫೋಟೋ. ಅದೇ ಕಂಪನಿಯ ಮಿರರ್‌ಲೆಸ್ ಝಡ್9ಗೆ ಅದೇ ಲೆಕ್ಕದಲ್ಲಿ 700ರ ಆಸುಪಾಸು. ಬೆಳಗಿನವರೆಗೆ ನಡೆಯುವ ಆಟಕ್ಕೆ ಹೋಗುವವನಿಗೆ ಇದು ದೊಡ್ಡ ವ್ಯತ್ಯಾಸ. ಬಯಲಿನಲ್ಲಿ ಚಾರ್ಜರ್ ಎಲ್ಲಿ ಚುಚ್ಚೋದು?

ಈಗ ಬೆಳಕಿನ ವಿಷಯ. ಇದೇ ನನಗೆ ಎಲ್ಲಕ್ಕಿಂತ ದೊಡ್ಡ ತಲೆನೋವು. ಮೊದಲು ಹ್ಯಾಲೊಜೆನ್ ದೀಪ ಇರುತ್ತಿತ್ತು, ಹಳದಿಯಾಗಿದ್ದರೂ ಒಂದೇ ಸಮನೆ ಉರಿಯುತ್ತಿತ್ತು. ಈಗ ಎಲ್ಲಿ ನೋಡಿದರೂ ಎಲ್‌ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಒಂದೇ ಸೆಟ್ಟಿಂಗ್‌ನಲ್ಲಿ ಬೆನ್ನುಬೆನ್ನಿಗೆ ನಾಲ್ಕು ಫೋಟೋ ತೆಗೆದರೆ ಒಂದು ಬೆಳ್ಳಗೆ, ಒಂದು ಮಬ್ಬು, ಇನ್ನೊಂದರಲ್ಲಿ ಕೆಳಗಿನ ಅರ್ಧಕ್ಕೆ ಕಂದು ಪಟ್ಟಿ. ಇದಕ್ಕೆ ಕ್ಯಾನನ್ 2014ರಲ್ಲೇ 7ಡಿ ಮಾರ್ಕ್ 2ರಲ್ಲಿ ಪರಿಹಾರ ಕೊಟ್ಟಿತು. ದೀಪ ಪೂರ್ತಿ ಬೆಳಗುವ ಗಳಿಗೆ ನೋಡಿ ಶಟರ್ ತೆರೆಯುವ ವ್ಯವಸ್ಥೆ ಅದು. ಒಳ್ಳೆಯ ಕೆಲಸ. ಆದರೆ ಬಣ್ಣ ಬದಲಾಯಿಸುವ ಸ್ಟೇಜ್ ಎಲ್‌ಇಡಿಗಳನ್ನು ಮಂದ ಮಾಡುವುದೇ ಬೇರೆ ರೀತಿ. ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹೊತ್ತಿಸಿ ಮಂದ ಮಾಡುತ್ತಾರೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಶಟರ್ ವೇಗವನ್ನು ಬಹಳ ಸಣ್ಣ ಸಣ್ಣ ಹೆಜ್ಜೆಯಲ್ಲಿ ಹೊಂದಿಸಿ ಆ ಪಟ್ಟಿ ಹೋಗಿಸುವ ಸೌಲಭ್ಯ ಈಗ ದುಬಾರಿ ಮಿರರ್‌ಲೆಸ್‌ಗಳಲ್ಲಿ ಬಂದಿದೆ. ಅದನ್ನು ಡಿಎಸ್‌ಎಲ್‌ಆರ್‌ಗೂ ಕೊಡಿ. ಬೇರೆ ಏನೂ ಹೊಸದು ಕೊಡದೆ ಇದೊಂದನ್ನೇ ಕೊಟ್ಟರೂ ನಾನು ಸಾಲ ಮಾಡಿ ತೆಗೆದುಕೊಳ್ಳುತ್ತೇನೆ.

ಬಣ್ಣವೂ ಹಾಗೇ. ವೇಷದ ಕೆಂಪು ಬಟ್ಟೆಯ ಮೇಲೆ ಕೆಂಪೋ ನೇರಳೆಯೋ ಎಲ್‌ಇಡಿ ಬಿದ್ದರೆ ಕೆಂಪು ಚಾನೆಲ್ ಸಿಡಿದು ಹೋಗುತ್ತದೆ. ಸೀರೆಯ ಚೌಕುಳಿ ಕಾಣುವುದಿಲ್ಲ, ಮಡಿಕೆ ಕಾಣುವುದಿಲ್ಲ, ಬರೀ ಕೆಂಪು ಮುದ್ದೆ. ಕ್ಯಾಮೆರಾ ಹಿಂದೆ ಹಿಸ್ಟೋಗ್ರಾಮ್, ಅಂದರೆ ಫೋಟೋದಲ್ಲಿ ಬೆಳಕು ಎಲ್ಲೆಲ್ಲಿ ಎಷ್ಟಿದೆ ಎಂಬ ನಕ್ಷೆ ನೋಡಿ ಸರಿಮಾಡಿಕೊಳ್ಳಿ ಅನ್ನುತ್ತಾರೆ. ಆದರೆ ಅಲ್ಲಿ ತೋರಿಸುವುದು ಕ್ಯಾಮೆರಾ ಒಳಗೇ ಮಾಡಿಕೊಂಡ ಜೆಪೆಗ್‌ನ ಹಿಸ್ಟೋಗ್ರಾಮ್. ನಾವು ಉಳಿಸಿಕೊಳ್ಳುವುದು ಸೆನ್ಸರ್ ಕಂಡದ್ದು ಹಾಗೇ ಇರುವ ರಾ ಫೈಲನ್ನು. ಜೆಪೆಗ್‌ನಲ್ಲಿ ಸಿಡಿದದ್ದು ರಾದಲ್ಲಿ ಇನ್ನೂ ಉಳಿದಿರಬಹುದು. ಆ ಜೆಪೆಗ್ ಹಿಸ್ಟೋಗ್ರಾಮ್ ನಂಬಿ ಬೆಳಕು ಕಡಿಮೆ ಮಾಡಿದರೆ ನೆರಳಿನಲ್ಲಿ ಸುಮ್ನೆ ಚುಕ್ಕಿ ಚುಕ್ಕಿ ನಾಯ್ಸ್ ತುಂಬುತ್ತದೆ. ರಾ ಫೈಲ್‌ನದ್ದೇ ಹಿಸ್ಟೋಗ್ರಾಮ್ ತೋರಿಸಲು ಹೊಸ ಸೆನ್ಸರ್ ಬೇಕಿಲ್ಲ, ಸಾಫ್ಟ್‌ವೇರ್ ಸಾಕು. ಫೋಟೋಗ್ರಾಫರುಗಳು ಇದನ್ನು ಎಷ್ಟು ಕಾಲದಿಂದ ಕೇಳುತ್ತಿದ್ದಾರೆ! ಯಾಕೆ ಕೊಡುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ಫೋಕಸ್. ಡಿ5ರಲ್ಲಿ ನಡುವಿನ ಫೋಕಸ್ ಪಾಯಿಂಟ್ ಒಂದು ಮಾತ್ರ ಮೈನಸ್ 4 ಇವಿ (ಬೆಳಕಿನ ಅಳತೆ, ಸಂಖ್ಯೆ ಇಳಿದಷ್ಟೂ ಕತ್ತಲು) ವರೆಗಿನ ಕತ್ತಲಲ್ಲಿ ಕೆಲಸ ಮಾಡುತ್ತದೆ, ಉಳಿದವು ಮೈನಸ್ 3ಕ್ಕೇ ನಿಲ್ಲುತ್ತವೆ. ಪಾಯಿಂಟ್‌ಗಳೆಲ್ಲ ಫ್ರೇಮಿನ ನಡುವಿಗೇ ಗುಂಪುಗೂಡಿರುತ್ತವೆ ಬೇರೆ. ಹುಡುಗ ವೀರನ ಪುಂಡುವೇಷ, ಹಾರಿ ಸುತ್ತುವ ಧೀಂಗಿಣ ಹಾಕುತ್ತಾ ರಂಗಸ್ಥಳದ ಒಂದು ಮೂಲೆಗೆ ಬಂದರೆ ಅಲ್ಲಿ ಪಾಯಿಂಟೇ ಇರುವುದಿಲ್ಲ, ಇದ್ದರೂ ತಡವರಿಸುತ್ತದೆ. ಅಂಚಿನವರೆಗೆ ಪಾಯಿಂಟ್ ಬೇಕು, ಎಲ್ಲಕ್ಕೂ ನಡುವಿನದರಷ್ಟೇ ಶಕ್ತಿ ಬೇಕು. ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3ರಲ್ಲಿ ಕ್ರೀಡೆಯ ಆಟಗಾರರ ತಲೆಯನ್ನು ಗುರುತಿಸಿ ಹಿಂಬಾಲಿಸಲು ಕ್ಯಾಮೆರಾಕ್ಕೆ ಕಲಿಸಿದ್ದಾರೆ, ಅದೂ ಆಪ್ಟಿಕಲ್ ವ್ಯೂಫೈಂಡರಿನಲ್ಲಿ ನೋಡುವಾಗಲೇ. ಹಾಗಿದ್ದರೆ ಕಿರೀಟ ಇಟ್ಟ, ಮುಖಕ್ಕೆಲ್ಲ ಬಣ್ಣ ಬರೆದುಕೊಂಡ ತಲೆಯನ್ನೂ ಕಲಿಸಬಹುದಲ್ವಾ? ನಮ್ಮಲ್ಲಿ ಯಕ್ಷಗಾನ, ಕೇರಳದಲ್ಲಿ ಕಥಕ್ಕಳಿ, ತೆಯ್ಯಂ. ಇಂಥ ಮುಖಗಳ ಫೋಟೋ ತೆಗೆಯುವವರು ಸಣ್ಣ ಸಂಖ್ಯೆಯಲ್ಲೇನೂ ಇಲ್ಲ.

ಕಂಬಳಕ್ಕೆ ಬೇಕಾದದ್ದು ಬೇರೆ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಎಲ್ಲರಿಗೂ ಗೊತ್ತು. ಅಂದರೆ ಸೆಕೆಂಡಿಗೆ 10 ಮೀಟರಿಗಿಂತ ಜಾಸ್ತಿ. ಸೆಕೆಂಡಿಗೆ 10 ಫೋಟೋ ತೆಗೆಯುವ ಕ್ಯಾಮೆರಾದಲ್ಲಿ ಒಂದು ಫೋಟೋದಿಂದ ಇನ್ನೊಂದಕ್ಕೆ ಕೋಣಗಳು ಒಂದು ಮೀಟರ್ ಹತ್ತಿರ ಬಂದಿರುತ್ತವೆ. ನಾವು ಓಟ ಮುಗಿಯುವ ಮಂಜೊಟ್ಟಿಯ ಬದಿಯಲ್ಲಿ ಎದುರಿಗೆ ನಿಂತಿರುತ್ತೇವೆ. ಕೋಣದ ಮುಂದೆ ಕೆಸರು ನೀರು ಗೋಡೆಯ ಹಾಗೆ ಏಳುತ್ತದೆ, ಫೋಕಸ್ ಹೋಗಿ ಆ ನೀರಿನ ಹನಿಗೆ ಅಂಟಿಕೊಳ್ಳುತ್ತದೆ. ಹನಿಗಳು ಚೂಪಾಗಿ ಬಂದಿರುತ್ತವೆ, ಕೋಣದ ಕಣ್ಣು ಮಸುಕು. ಅಡ್ಡ ಬಂದದ್ದನ್ನು ಎಷ್ಟು ಹೊತ್ತು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬ ಸೆಟ್ಟಿಂಗ್ ಈಗಲೂ ಇದೆ, ಆದರೆ ಅದು ಮೆನುವಿನ ಒಳಗೆಲ್ಲೋ ಇದೆ. ಹಲಗೆಯ ಮೇಲೆ ನಿಂತು ಓಡಿಸುವ ಕನೆಹಲಗೆಗೆ ಒಂದು ತರಹ ಬೇಕು, ಯಾಕೆಂದರೆ ಅಲ್ಲಿ ಮೇಲೆ ಕಟ್ಟಿದ ನಿಶಾನೆಗೆ ಚಿಮ್ಮುವ ನೀರೇ ಮುಖ್ಯ. ಹಗ್ಗದ ಓಟಕ್ಕೆ ಇನ್ನೊಂದು ತರಹ. ಎರಡರ ನಡುವೆ ಮೆನು ಹುಡುಕುತ್ತಾ ಕೂರಲು ಆಗುವುದಿಲ್ಲ. ಒಂದು ಬಟನ್ ಒತ್ತಿದರೆ ಫೋಕಸ್‌ನ ಇಡೀ ಸೆಟ್ಟಿಂಗ್ ಬದಲಾಗಬೇಕು. ಆ ಬಟನ್ ಕತ್ತಲಲ್ಲಿ ಬೆರಳಿಗೆ ಸಿಗಬೇಕು. ಡಿ5, ಡಿ500, ಡಿ850ರಲ್ಲಿ ಬಟನ್‌ಗಳು ಕತ್ತಲಲ್ಲಿ ಬೆಳಗುತ್ತವೆ. ಚಿಕ್ಕ ವಿಷಯ ಅನ್ನಿಸಬಹುದು, ರಾತ್ರಿ ಕೆಲಸ ಮಾಡುವವನಿಗೆ ಚಿಕ್ಕದಲ್ಲ.

ಮಳೆಗೂ ಒಂದು ಮಾತು ಹೇಳಬೇಕು. ಎಲ್ಲ ಕಂಪನಿಯವರೂ 'ವೆದರ್ ಸೀಲ್ಡ್' ಅನ್ನುತ್ತಾರೆ. ಎಷ್ಟು ಮಳೆ? ಎಷ್ಟು ಹೊತ್ತು? ಹೇಳುವುದಿಲ್ಲ. ಮೊಬೈಲ್‌ಗಳಿಗೆ ನೀರು, ಧೂಳು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ರೇಟಿಂಗ್ ಇರುತ್ತದೆ, 2022ರಲ್ಲಿ ಬಂದ ಓಎಂ-1 ಕ್ಯಾಮೆರಾಕ್ಕೆ ಐಪಿ53 ಇದೆ. ಲಕ್ಷಗಟ್ಟಲೆ ಬೆಲೆಯ ದೊಡ್ಡ ಡಿಎಸ್‌ಎಲ್‌ಆರ್‌ಗಳಿಗೆ ಅಂಥ ರೇಟಿಂಗ್ ಇಲ್ಲ. ನೀರು ಹೋಗಿ ಕೆಟ್ಟರೆ ವಾರಂಟಿಯೂ ಸಿಗುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಲೆನ್ಸ್ ಒಳಗೆ ಫಂಗಸ್ ಬರುತ್ತದೆ, ಹಿಡಿಕೆಯ ರಬ್ಬರು ಹಿಗ್ಗಿ ಏಳುತ್ತದೆ. ಕೊಡುವ ಸೀಲಿಗೆ ಒಂದು ಲೆಕ್ಕ ಕೊಡಿ, ಆ ಲೆಕ್ಕಕ್ಕೆ ವಾರಂಟಿ ಕೊಡಿ. ಇಷ್ಟೇ.

ಮೆಗಾಪಿಕ್ಸೆಲ್ ನನಗೆ ಇನ್ನು ಬೇಡ. ಡಿ5ರ ಫೋಟೋ 5,568 ಪಿಕ್ಸೆಲ್ ಅಗಲ ಬರುತ್ತದೆ. ಮದುವೆ ಆಲ್ಬಂನ 12ಕ್ಕೆ 36 ಇಂಚಿನ ಹಾಳೆ ತೆಗೆದುಕೊಳ್ಳಿ. ಅದರ ಒಂದು ಬದಿ 18 ಇಂಚು, ಇಂಚಿಗೆ 300 ಪಿಕ್ಸೆಲ್ ಹಾಕಿದರೂ 5,400. ಒಂದೇ ಫೋಟೋವನ್ನು ಇಡೀ ಬದಿಗೆ ಹಾಕಿದರೂ ಸಾಕಾಗಿ ಮಿಕ್ಕುತ್ತದೆ. ನಿಮ್ಮ ಪತ್ರಿಕೆಯ ಮುಖಪುಟದ ಉದ್ದಗಲಕ್ಕೂ ಸಾಕು. 45 ಮೆಗಾಪಿಕ್ಸೆಲ್ ಇದ್ದರೆ ಹಾರ್ಡ್ ಡಿಸ್ಕ್ ತುಂಬುವುದು ಬಿಟ್ಟರೆ ನನಗೆ ಲಾಭ ಕಡಿಮೆ. ಕಾಡಿನಲ್ಲಿ ಹಕ್ಕಿ ಫೋಟೋ ತೆಗೆಯುವವರು ಇದನ್ನು ಒಪ್ಪಲಿಕ್ಕಿಲ್ಲ, ಅವರಿಗೆ ಕ್ರಾಪ್ ಮಾಡಲು ಬೇಕು. ಅವರಿಗೆ ಬೇರೆ ಮಾಡೆಲ್ ಇರಲಿ. ನನಗೆ 20ರಿಂದ 24 ಸಾಕು, ಐಎಸ್‌ಒ 12,800ಕ್ಕೆ, ಅಂದರೆ ಕತ್ತಲಿಗೆ ಬೇಕಾದಷ್ಟು ಏರಿಸಿದರೂ, ಚರ್ಮ ಚರ್ಮದ ಹಾಗೆ ಕಾಣಬೇಕು. ವಿಡಿಯೋ ಇಲ್ಲದಿದ್ದರೂ ಪರವಾಗಿಲ್ಲ. ಮದುವೆಗೆ ವಿಡಿಯೋದವರು ಬೇರೆ ಬಂದೇ ಬರುತ್ತಾರೆ. 2013ರಲ್ಲಿ ನಿಕಾನ್ ಡಿಎಫ್ ಎಂಬ ವಿಡಿಯೋ ಇಲ್ಲದ ಕ್ಯಾಮೆರಾ ತಂದಿತ್ತು, ಹಾಗಾಗಿ ಅದು ಆಗದ ಕೆಲಸವಲ್ಲ. ಎರಡು ಕಾರ್ಡ್ ಹಾಕುವ ಜಾಗ ಮಾತ್ರ ಬೇಕೇ ಬೇಕು, ಎರಡೂ ಒಂದೇ ಜಾತಿಯದ್ದಾಗಿರಬೇಕು. ಒಂದು ಕಾರ್ಡ್ ಕೆಟ್ಟರೂ ಇನ್ನೊಂದರಲ್ಲಿ ಫೋಟೋ ಉಳಿಯಬೇಕು, ಧಾರೆ ಇನ್ನೊಂದು ಸಲ ಎರೆಯುವುದಿಲ್ಲವಲ್ಲ.

ಕನ್ನಡದ ವಿಷಯ ಹೇಳದೆ ಬಿಡಲಾರೆ. ನಿಕಾನ್‌ನ ಡಿ7200, ಡಿ5500 ಕ್ಯಾಮೆರಾಗಳ ಮೆನುವಿನಲ್ಲಿ ಹಿಂದಿ, ಬಂಗಾಳಿ, ಮರಾಠಿ, ತಮಿಳು, ತೆಲುಗು ಎಲ್ಲ ಇತ್ತು. ಕನ್ನಡ ಇರಲಿಲ್ಲ. ನಮ್ಮಲ್ಲಿ ಕ್ಯಾಮೆರಾ ಕೊಳ್ಳುವವರು ಕಡಿಮೆಯಾ? ತಾಲೂಕು ತಾಲೂಕಿನಲ್ಲಿ ಸ್ಟುಡಿಯೋ ಇದೆ. ಸ್ಟುಡಿಯೋಗೆ ಕೆಲಸ ಕಲಿಯಲು ಬರುವ ಹುಡುಗರು ಕನ್ನಡ ಮಾಧ್ಯಮದಲ್ಲಿ ಓದಿದವರು. ಫೋಕಸ್ ಮೆನುವಿನ ಇಂಗ್ಲಿಷ್ ಅವರಿಗೆ ಅರ್ಥವಾಗುವುದಿಲ್ಲ. ಆಟೋದಲ್ಲೇ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡುತ್ತಾರೆ, ಅವರಲ್ಲಿರುವ ಕಣ್ಣು, ಚುರುಕುತನ ಎಲ್ಲ ಅಲ್ಲೇ ಉಳಿದುಬಿಡುತ್ತದೆ. ಅದನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಫೋಟೋದ ಜೊತೆ ವಿವರ ಬರೆಯುವ ಜಾಗದಲ್ಲೂ ಕನ್ನಡ ಅಕ್ಷರ ಬೇಕು. ಮೇಳದ ಹೆಸರು, ಪ್ರಸಂಗದ ಹೆಸರು, ಕಲಾವಿದರ ಹೆಸರು ಅಲ್ಲೇ ಸೇರಿಸಿ ಕ್ಯಾಮೆರಾದಿಂದಲೇ ಪತ್ರಿಕೆಗೆ ಕಳಿಸಲು ಬಂದರೆ ನಿಮ್ಮ ಡೆಸ್ಕಿನವರಿಗೂ ಅನುಕೂಲ, ಹೆಸರು ತಪ್ಪಾಗಿ ಅಚ್ಚಾಗುವುದೂ ತಪ್ಪುತ್ತದೆ.

ಕೊನೆಗೆ ದುರಸ್ತಿ. ದೊಡ್ಡ ಡಿಎಸ್‌ಎಲ್‌ಆರ್‌ಗಳ ಶಟರ್ 4 ಲಕ್ಷ, 5 ಲಕ್ಷ ಕ್ಲಿಕ್‌ವರೆಗೆ ಪರೀಕ್ಷೆಯಾಗಿರುತ್ತದೆ. ಗಟ್ಟಿಯೇ, ಆದರೆ ಮದುವೆ ಸೀಸನ್‌ನಲ್ಲಿ ದುಡಿಸುವವರು ಅದನ್ನೂ ಮುಗಿಸುತ್ತಾರೆ. ನನ್ನ ಕ್ಯಾಮೆರಾದ ಶಟರ್ ಹೋದಾಗ ಒಂದು ಸರ್ವಿಸ್ ಸೆಂಟರಿಗೆ ಕೊಟ್ಟೆ. ಬಿಡಿಭಾಗ ಹೊರದೇಶದಿಂದ ಬರಬೇಕು ಅಂದರು. ಯಾವಾಗ ಅಂತ ಯಾರೂ ಹೇಳಲಿಲ್ಲ. ಸೀಸನ್ ಪೂರ್ತಿ ಬಾಡಿಗೆ ಕ್ಯಾಮೆರಾದಲ್ಲಿ ಕಳೆಯಿತು. ಕ್ಯಾಮೆರಾಗಳ ಜಿಎಸ್‌ಟಿ 2019ರ ಜನವರಿಯಲ್ಲಿ 28ರಿಂದ 18 ಪರ್ಸೆಂಟಿಗೆ ಇಳಿದದ್ದು ನಮಗೆ ಸಹಾಯವಾಯಿತು, ನಿಜ. ಆದರೆ ಕೊಂಡ ಮೇಲೆ ರಿಪೇರಿ ಆಗದಿದ್ದರೆ ಆ ಇಳಿಕೆಯಿಂದ ಏನು ಪ್ರಯೋಜನ? ರಬ್ಬರು, ಕಾರ್ಡ್ ಬಾಗಿಲು, ಐಕಪ್ಪಿನಂಥ ಚಿಕ್ಕ ಭಾಗಗಳು ಅಂಗಡಿಯಲ್ಲೇ ಸಿಗಬೇಕು. ಎಷ್ಟು ಕ್ಲಿಕ್ ಆಗಿದೆ ಅಂತ ಮೆನುವಿನಲ್ಲೇ ತೋರಿಸಬೇಕು, ಹಳೆಯದು ಕೊಳ್ಳುವವರು ಮೋಸ ಹೋಗುವುದು ಅಷ್ಟಾದರೂ ಕಡಿಮೆಯಾಗುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಕಂಪನಿಯವರು ಹೊಸ ಕ್ಯಾಮೆರಾ ಹಿಡಿದುಕೊಂಡು ಬೆಂಗಳೂರಿಗೆ ಬಂದಾಗ ನಿಮ್ಮ ವರದಿಗಾರರು ಈ ಮೂರು ಪ್ರಶ್ನೆ ಕೇಳಲಿ. ಇದರ ಬಿಡಿಭಾಗ 10 ವರ್ಷ ಸಿಗುತ್ತದೆಯಾ? ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೊಟ್ಟರೆ ಎಷ್ಟು ದಿನದಲ್ಲಿ ರಿಪೇರಿ ಮಾಡಿಕೊಡುತ್ತೀರಿ? ಮೆನುವಿನಲ್ಲಿ ಕನ್ನಡ ಯಾವಾಗ? ಅವರು ಏನು ಹೇಳುತ್ತಾರೋ ಹಾಗೇ ಅಚ್ಚು ಹಾಕಿ. ಮೆಗಾಪಿಕ್ಸೆಲ್ ಎಷ್ಟು ಅಂತ ನಾವು ಡಬ್ಬದ ಮೇಲೆ ಓದಿಕೊಳ್ಳುತ್ತೇವೆ.

ಇಂತಿ,
ಕರಾವಳಿಯ ಒಬ್ಬ ಫೋಟೋಗ್ರಾಫರ್